ಮಕ್ಕಳ ಓಟಕ್ಕೆ ಬಯಲಿನ ಹದ

ರೈತ ಬಾಂಧವರೇ,

ಕಣಿ ಇಲ್ಲದ ಅಡಿಕೆ ತೋಟ ಏನಾಗುವುದೆಂದು ನಿಮಗೆ ಹೇಳಬೇಕಾಗಿಲ್ಲ. ಹೈಸ್ಕೂಲಿನ ಆಟದ ಬಯಲಿಗೂ ಅದೇ ಮಾತು. ಪುತ್ತೂರು, ಸುಳ್ಯ, ಕಡಬಗಳಲ್ಲಿ ಜೂನಿನಿಂದ ಸೆಪ್ಟೆಂಬರಿನ ತನಕ ಮಳೆಗಾಲ. ಅದು ಮುಗಿಯುವ ಹೊತ್ತಿಗೆ ಶಾಲಾ ಕ್ರೀಡಾಕೂಟಗಳ ದಿನ ಬಂದಿರುತ್ತದೆ. ನೀರು ನಿಂತ ಬಯಲಲ್ಲಿ ಓಡಿದ ಮಗುವಿನ ಕಾಲು ಜಾರುತ್ತದೆ. ಮುರಕಲ್ಲಿನ ಗಟ್ಟಿ ನೆಲದಲ್ಲಿ ದಿನವೂ ಓಡಿದರೆ ಕಣಕಾಲು ನೋಯುತ್ತದೆ.

ಸೌಕರ್ಯವು ಕಲಿಕೆಯನ್ನೇ ಬದಲಿಸುತ್ತದೆ. 1968ರ ಮೆಕ್ಸಿಕೋ ಒಲಿಂಪಿಕ್ಸಿನಲ್ಲಿ ಅಮೆರಿಕದ ಡಿಕ್ ಫಾಸ್ಬರಿ ಅಡ್ಡಕೋಲಿಗೆ ಬೆನ್ನುಕೊಟ್ಟು ಹಾರಿ, 2.24 ಮೀಟರ್ ದಾಟಿ ಚಿನ್ನ ಗೆದ್ದರು. ಎತ್ತರ ಜಿಗಿತದಲ್ಲಿ ಈಗ ಅದೇ ಕ್ರಮ ರೂಢಿ. ಆದರೆ ಬೀಳುವಲ್ಲಿ ದಪ್ಪನೆಯ ಮೆತ್ತೆ ಬೇಕು. ಹೊಯಿಗೆಯ ಮೇಲೆ ಹಾಗೆ ಬಿದ್ದರೆ ಕುತ್ತಿಗೆಗೆ ಅಪಾಯ. ಮೆತ್ತೆಯಿಲ್ಲದ ಶಾಲೆಯ ಮಗು ಹಳೆಯ ಕತ್ತರಿ ಜಿಗಿತವನ್ನೇ ಕಲಿತು ಕೂಟದಲ್ಲಿ ಹಿಂದೆ ಬೀಳುತ್ತದೆ. ತಪ್ಪು ಮಗುವಿನದಲ್ಲ.

ಮಂಗಳೂರಿನ ಮಂಗಳಾ ಕ್ರೀಡಾಂಗಣದಲ್ಲಿರುವಂಥ ಸಿಂಥೆಟಿಕ್ ಟ್ರ್ಯಾಕನ್ನು ಊರೂರಲ್ಲಿ ಹಾಕಲಾಗದು. ನಮ್ಮ ಕೈಲಾಗುವುದನ್ನು ಮಾಡೋಣ. ಬಯಲಿನ ಸುತ್ತ ಕಣಿ ತೆಗೆಯಿರಿ, ಕಲ್ಲು ಹೆಕ್ಕಿರಿ. ಉದ್ದ ಜಿಗಿತದ ಹೊಂಡವು 2.75 ಮೀಟರಿಗಿಂತ ಕಡಿಮೆ ಅಗಲವಿರಬಾರದು. ಅದಕ್ಕೆ ಹೊಯಿಗೆ ತುಂಬಿ, ಪ್ರತಿ ಅಭ್ಯಾಸಕ್ಕೆ ಮೊದಲು ಹಾರೆಯಿಂದ ಸಡಿಲಿಸಿರಿ. ಎತ್ತರ ಜಿಗಿತದ ಮೆತ್ತೆಯನ್ನು ಮೂರು ನಾಲ್ಕು ಶಾಲೆಗಳು ಕೂಡಿ ಕೊಳ್ಳಬಹುದು.

ಮಗಳು ಗೆದ್ದಾಗ ಚಪ್ಪಾಳೆ ತಟ್ಟುವ ಕೈ, ಒಂದು ಭಾನುವಾರ ಶ್ರಮದಾನಕ್ಕೆ ಹಾರೆಯನ್ನೂ ಹಿಡಿಯಲಿ.