ಬಾಳೆಹಣ್ಣಿಲ್ಲದೆ ಬಾಳೆಹಣ್ಣಿನ ಕಂಪು

ಮಕ್ಕಳೇ, ನಾಲವಾರದ ಕೋರಿಸಿದ್ಧೇಶ್ವರ ಜಾತ್ರೆಗೆ ಹೋದಾಗ ಐಸ್‌ಕ್ಯಾಂಡಿ ಕೇಳಿ ತಿಂದಿರಬೇಕಲ್ಲ? ಒಂದಕ್ಕೆ ಅನಾನಸ್ಸಿನ ಘಮ, ಇನ್ನೊಂದಕ್ಕೆ ಮಾವಿನ ಘಮ. ಎಷ್ಟೋ ಸಲ ಅದರೊಳಗೆ ಹಣ್ಣಿನ ಒಂದು ಹೋಳೂ ಇರುವುದಿಲ್ಲ. ಮತ್ತೆ ಆ ಘಮ ಬಂದದ್ದೆಲ್ಲಿಂದ?

ಮೊದಲು ಒಂದು ನಿಂಬೆಹಣ್ಣು ತೆಗೆದುಕೊಳ್ಳಿ. ಸಿಪ್ಪೆಯ ಚೂರನ್ನು ಬಿಳಿ ಕಾಗದದ ಹತ್ತಿರ ಹಿಡಿದು, ಹೊರಮೈ ಕಾಗದದ ಕಡೆ ಬರುವಂತೆ ಮಡಚಿ ಹಿಸುಕಿ. ಸಣ್ಣ ಹನಿಗಳು ಚಿಮ್ಮಿ ಎಣ್ಣೆಯ ಕಲೆ ಮೂಡುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನೋಡಿ, ಕಲೆ ಬಹುಮಟ್ಟಿಗೆ ಆರಿಹೋಗಿರುತ್ತದೆ. ಆ ಎಣ್ಣೆಯ ಅಣುಗಳು ಗಾಳಿಗೆ ಹಾರಿದವು. ಅವು ಮೂಗಿಗೆ ಮುಟ್ಟಿದ್ದರಿಂದಲೇ ನಿಮಗೆ ನಿಂಬೆಯ ವಾಸನೆ ಬಂತು. ಅವುಗಳಲ್ಲಿ ಹೆಚ್ಚಿನವು ಲಿಮೊನೀನ್ ಎಂಬ ವಸ್ತುವಿನ ಅಣುಗಳು.

ನಿಂಬೆ, ಕಿತ್ತಳೆ, ಮೋಸಂಬಿಗಳ ಸಿಪ್ಪೆಯಿಂದ ಹೀಗೆ ಎಣ್ಣೆ ಹಿಂಡಬಹುದು. ಬಾಳೆ, ಪೇರಲ, ಸೀತಾಫಲಗಳಿಂದ ಆಗದು. ಅವುಗಳಲ್ಲಿ ಇರುವುದು ಬಹುಪಾಲು ನೀರು, ಸಕ್ಕರೆ. ಕುದಿಸಿದರೆ ಹಣ್ಣು ಬೆಂದು ವಾಸನೆಯೇ ಬದಲಾಗುತ್ತದೆ. ಅದಕ್ಕೇ ಸುಗಂಧ ತಯಾರಿಸುವವರು ಆ ಹಣ್ಣುಗಳ ಕಂಪನ್ನು ಬೇರೆ ಬೇರೆ ವಸ್ತುಗಳನ್ನು ಕೂಡಿಸಿ ಕಟ್ಟುತ್ತಾರೆ. ಇಂಥ ಕೂಡಿಕೆಗೆ ಅವರು ಅಕಾರ್ಡ್ ಎನ್ನುತ್ತಾರೆ. ಭಜನೆಯಲ್ಲಿ ತಾಳ, ತಬಲಾ, ಹಾರ್ಮೋನಿಯಂ ಸೇರಿ ಒಂದೇ ಹಾಡಾಗುವಂತೆ, ನಾಲ್ಕಾರು ವಾಸನೆಗಳು ಸೇರಿ ಒಂದೇ ಹಣ್ಣಾಗಿ ಮೂಗಿಗೆ ತಿಳಿಯುತ್ತವೆ.

ಹಣ್ಣುಗಳ ಕಂಪಿನಲ್ಲಿ ದೊಡ್ಡ ಪಾಲು ಎಸ್ಟರ್ ಎಂಬ ವಸ್ತುಗಳದು. ಒಂದು ಆಮ್ಲವೂ ಒಂದು ಆಲ್ಕೊಹಾಲೂ ಕೂಡಿದರೆ ಎಸ್ಟರ್ ಮತ್ತು ನೀರು ಹುಟ್ಟುತ್ತವೆ. ಬ್ಯುಟಿರಿಕ್ ಆಮ್ಲಕ್ಕೆ ಕೆಟ್ಟ ಬೆಣ್ಣೆಯ ನಾತ. ಮೂಗು ಮುಚ್ಚಿಕೊಳ್ಳುವಷ್ಟು! ಅದೇ ಆಮ್ಲ ಎಥೆನಾಲ್ ಜೊತೆ ಕೂಡಿದಾಗ ಈಥೈಲ್ ಬ್ಯುಟಿರೇಟ್ ಆಗುತ್ತದೆ. ಅದಕ್ಕೆ ಅನಾನಸ್ಸಿನ ಸಿಹಿ ಘಮ. ಅಣುವಿನ ರಚನೆ ಬದಲಾದರೆ ವಾಸನೆಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ಬೇಕೇ?

ಬಾಳೆಹಣ್ಣಿನ ಮುಖ್ಯ ಎಸ್ಟರಿನ ಹೆಸರು ಐಸೋಅಮೈಲ್ ಅಸಿಟೇಟ್. ಜೇನುನೊಣ ಕುಟುಕಿದಾಗ ಗೂಡಿನ ಉಳಿದ ನೊಣಗಳನ್ನು ಎಚ್ಚರಿಸಲು ಹೊರಬಿಡುವ ವಾಸನೆಯಲ್ಲೂ ಇದೇ ವಸ್ತುವಿದೆ ಎಂದು ವಿಜ್ಞಾನಿಗಳು 1962ರಲ್ಲಿ ತಿಳಿಸಿದರು. ಜೇನುಗೂಡಿನ ಬಳಿ ಈ ವಾಸನೆ ಒಯ್ಯಬಾರದು, ನೆನಪಿಡಿ.

ಈಗ ನೀವೇ ಒಂದು ಅಕಾರ್ಡ್ ಕಟ್ಟಿ. ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಾಳೆಹಣ್ಣಿನ ಎಸೆನ್ಸ್ ತಂದು, ಕಾಗದದ ಪಟ್ಟಿಯೊಂದರ ತುದಿಗೆ ಒಂದೇ ಹನಿ ಹಾಕಿ. ಕೈಗೆ, ಕಣ್ಣಿಗೆ ತಾಗಿಸಬೇಡಿ. ಮೂಸಿದರೆ ಬಾಳೆ ಹೌದು, ಆದರೆ ಮಿಠಾಯಿಯ ಬಾಳೆ. ಇನ್ನು ಶಹಾಬಾದ ಕಲ್ಲಿನ ಮೇಲೆ ನಾಲ್ಕು ಎಸಳು ಗರಿಕೆ ಜಜ್ಜಿ ಎರಡನೆಯ ಪಟ್ಟಿಗೆ ಸವರಿ. ಒಂದು ಲವಂಗ ಕುಟ್ಟಿ ಮೂರನೆಯ ಪಟ್ಟಿಗೆ ತಿಕ್ಕಿ. ಮೂರನ್ನೂ ಬೀಸಣಿಗೆಯಂತೆ ಹಿಡಿದು ಮೂಗಿನ ಮುಂದೆ ಮೆಲ್ಲಗೆ ಬೀಸಿ. ಮಿಠಾಯಿಯ ಬಾಳೆ ಗಿಡದ ಬಾಳೆಯ ಕಡೆ ಒಂದು ಹೆಜ್ಜೆ ಸರಿಯುತ್ತದೆ. ಲವಂಗದ ಯೂಜೆನಾಲ್ ಎಂಬ ವಸ್ತು ಬಾಳೆಹಣ್ಣಿನಲ್ಲೂ ತುಸು ಇದೆ. ಗರಿಕೆಯದು ಹಸಿರೆಲೆಯ ವಾಸನೆ, ಅದು ಪೂರ್ತಿ ಮಾಗದ ಹಣ್ಣನ್ನು ನೆನಪಿಸುತ್ತದೆ.

ಮೂಗು ಇದನ್ನು ಹೇಗೆ ಗುರುತಿಸುತ್ತದೆ? ನಮ್ಮ ಮೂಗಿನೊಳಗೆ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ಯಾವ ಯಾವ ಗ್ರಾಹಕಗಳು ಒಟ್ಟಿಗೆ ಎಚ್ಚೆತ್ತವು ಎಂಬುದನ್ನು ನೋಡಿ ಮೆದುಳು ‘ಇದು ಬಾಳೆ’ ಎನ್ನುತ್ತದೆ. ಈ ಗ್ರಾಹಕಗಳ ವಂಶವಾಹಿಗಳನ್ನು 1991ರಲ್ಲಿ ಪತ್ತೆ ಹಚ್ಚಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಬಹುಮಾನ ಬಂತು.

ಹಣ್ಣಿನ ಎಸ್ಟರುಗಳ ಅಣುಗಳು ಹಗುರ, ಬೇಗ ಹಾರಿಹೋಗುತ್ತವೆ. ಅದಕ್ಕೇ ಅತ್ತರಿನವರು ಅಡಿಯಲ್ಲಿ ಶ್ರೀಗಂಧದೆಣ್ಣೆಯಂಥ ಭಾರದ, ನಿಧಾನ ಆರುವ ವಸ್ತುವನ್ನು ಇಡುತ್ತಾರೆ. ಮೈಸೂರು ಸಂಸ್ಥಾನ 1916ರಲ್ಲೇ ಆ ಎಣ್ಣೆಯನ್ನು ಬಟ್ಟಿ ಇಳಿಸಲು ತೊಡಗಿತ್ತು.

ಕಂಪುಗಳನ್ನು ಕೂಡಿಸುವ ವಿದ್ಯೆ ಕನ್ನಡಕ್ಕೆ ಹೊಸದಲ್ಲ. ಸುಮಾರು 1025ರಲ್ಲಿ, ನಮ್ಮ ನಾಲವಾರದ ಸೀಮೆಯನ್ನೂ ಆಳುತ್ತಿದ್ದ ಚಾಲುಕ್ಯ ದೊರೆ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ ಎಂಬ ಕನ್ನಡ ಗ್ರಂಥ ಬರೆದ. ನೀರು ಹುಡುಕುವುದು, ಗಿಡ ಬೆಳೆಸುವುದು, ಅಡುಗೆ ಮಾಡುವುದರ ಜೊತೆಗೆ ಸುಗಂಧ ತಯಾರಿಸುವ ಬಗೆಯನ್ನೂ ಅದರಲ್ಲಿ ಹೇಳಿದ್ದಾನೆ. ಕಂಡುಕೊಂಡದ್ದನ್ನು ಬರೆದಿಟ್ಟದ್ದರಿಂದ ಅದು ಸಾವಿರ ವರ್ಷ ಉಳಿದು ನಮ್ಮವರೆಗೆ ಬಂತು.

ನೀವೂ ಬರೆದಿಡಿ. ಎಸೆನ್ಸ್ ಎಷ್ಟು ಹನಿ, ಲವಂಗ ಎಷ್ಟು, ಗರಿಕೆ ಎಷ್ಟು, ವಾಸನೆ ಹೇಗಿತ್ತು ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿ. ಮೂಸಿ ಮೂಸಿ ಮೂಗು ದಣಿದರೆ ಹೊರಗೆ ಹೋಗಿ ಒಳ್ಳೆಯ ಗಾಳಿ ತೆಗೆದುಕೊಂಡು ಬನ್ನಿ. ಮುಂದಿನ ಸಲ ಒಂದೇ ಒಂದು ಅಳತೆ ಬದಲಿಸಿ, ಉಳಿದದ್ದು ಹಾಗೇ ಇರಲಿ. ಆಗ ಯಾವುದರಿಂದ ಏನಾಯಿತು ಎಂದು ನಿಮಗೆ ಖಚಿತವಾಗಿ ತಿಳಿಯುತ್ತದೆ. ಸುಗಂಧ ಕಟ್ಟುವವರೂ ವಿಜ್ಞಾನಿಗಳೂ ಕೆಲಸ ಮಾಡುವುದು ಹೀಗೆಯೇ.