ಸಿಂಗಸಂದ್ರದ ಗಾಳಿಗೊಂದು ನಕ್ಷೆ

 

ಸಂಘದ ವಾರ್ಷಿಕ ಸಭೆಯಲ್ಲಿ ನಾನು ಆಡಿದ ಮಾತುಗಳನ್ನು ಬರೆದು ಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದ್ದಾರೆ. ಅಂದು ಸಭೆಗೆ ಬರಲಾಗದ ಓದುಗರು ನನ್ನ ಮುಂದೆಯೇ ಕುಳಿತಿದ್ದೇವೆಂದು ಭಾವಿಸಿ ಓದಿಕೊಳ್ಳಬೇಕಾಗಿ ಕೋರುತ್ತೇನೆ. ನಾನು ವಿಜ್ಞಾನದ ಶಿಕ್ಷಕಿಯಲ್ಲ, ಉರ್ದು ಮತ್ತು ಕನ್ನಡ ಹೇಳಿಕೊಡುವವಳು. ಆದರೂ ಗಾಳಿಯ ವಿಷಯ ಮಾತನಾಡಲು ಭಾಷೆಯವರಿಗೂ ಒಂದಿಷ್ಟು ಹಕ್ಕಿದೆ. 'ಹವಾ' ಎಂಬುದು ಅರಬ್ಬಿಯಿಂದ ಉರ್ದುವಿಗೂ ಕನ್ನಡಕ್ಕೂ ಬಂದ ಮಾತು. ಅದಕ್ಕೆ ಸಂಸ್ಕೃತದ 'ಮಾನ', ಅಂದರೆ ಅಳತೆ, ಸೇರಿಕೊಂಡು 'ಹವಾಮಾನ' ಆಯಿತು. 'ನಕ್ಷೆ'ಯ ಮೂಲವೂ ಅರಬ್ಬಿಯೇ. ಹವೆ, ಅದರ ಅಳತೆ, ಅದರ ನಕ್ಷೆ, ಇವೇ ಇಂದಿನ ನನ್ನ ವಿಷಯ.

ಈ ವಿಷಯ ನನಗೆ ಗಂಟುಬಿದ್ದದ್ದು ನಮ್ಮ ಹೊಸ ತರಗತಿ ಕೋಣೆಗಳಿಂದ. ಸಂಘದವರು ಎರಡು ಜಾಗ ನೋಡಿದ್ದಾರೆಂಬುದು ನಿಮಗೆಲ್ಲ ತಿಳಿದೇ ಇದೆ. ಒಂದು ಹೊಸೂರು ರಸ್ತೆಯ ಸರ್ವಿಸ್ ರಸ್ತೆಗೇ ತಾಗಿಕೊಂಡಿದೆ. ಬಸ್ಸಿನಿಂದ ಇಳಿದರೆ ಶಾಲೆ. ಇನ್ನೊಂದು ಒಳಗಿದೆ. ಓಣಿಗಳಲ್ಲಿ ನಡೆಯಬೇಕು, ಸಂಜೆ ದೀಪ ಸರಿಯಿಲ್ಲ, ಮಳೆ ಬಂದರೆ ಕೆಸರು. ಹೆಣ್ಣುಮಕ್ಕಳ ಓಡಾಟದ ದೃಷ್ಟಿಯಿಂದ ಮೊದಲನೆಯದೇ ಲೇಸೆಂದು ಹೇಳಿದವರಲ್ಲಿ ನಾನೂ ಒಬ್ಬಳು. ಆ ಅಭಿಪ್ರಾಯವನ್ನು ನಾನೀಗ ಬದಲಿಸಿಕೊಂಡಿದ್ದೇನೆ. ಅದಕ್ಕೆ ಕಾರಣ ಹೇಳಬೇಕಾದರೆ ಮೊದಲು ಹೊಗೆಯ ಲೆಕ್ಕ ಹೇಗೆ ಹಾಕುತ್ತಾರೆಂಬುದನ್ನು ಹೇಳಬೇಕು.

ಒಂದು ದೇಶ ತನ್ನ ಹೊಗೆಯನ್ನು ತಕ್ಕಡಿಯಲ್ಲಿಟ್ಟು ತೂಗಲಾರದು. ಅದು ಮಾಡುವುದು ಗುಣಾಕಾರ. ಎಷ್ಟು ಡೀಸೆಲ್ ಉರಿಯಿತು, ಎಷ್ಟು ಕಲ್ಲಿದ್ದಲು, ಎಷ್ಟು ಸೌದೆ ಉರಿಯಿತು ಎಂಬ ಲೆಕ್ಕ ಒಂದು ಕಡೆ. ಒಂದು ಲೀಟರಿಗೆ, ಒಂದು ಕಿಲೋವಿಗೆ ಎಷ್ಟು ಗ್ರಾಂ ಮಸಿ, ಎಷ್ಟು ಅನಿಲ ಹೊರಬೀಳುತ್ತದೆ ಎಂಬ ಪ್ರಯೋಗಾಲಯದ ಅಂಕಿ ಇನ್ನೊಂದು ಕಡೆ. ಎರಡನ್ನೂ ಗುಣಿಸಿದರೆ ದೇಶದ ಒಟ್ಟು ಮೊತ್ತ ಸಿಗುತ್ತದೆ. ಆದರೆ ಆ ಮೊತ್ತ ನಮ್ಮ ಬೀದಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಆದ್ದರಿಂದ ದೇಶದ ನಕ್ಷೆಯ ಮೇಲೆ ಗಣಿತದ ನೋಟ್‌ಬುಕ್ಕಿನಂತೆ ಚೌಕಗಳನ್ನು ಎಳೆದು ಮೊತ್ತವನ್ನು ಹಂಚುತ್ತಾರೆ.

ಚೌಕ ಎಷ್ಟು ದೊಡ್ಡದು ಎಂಬುದೇ ಇಲ್ಲಿ ಮುಖ್ಯ. ಯುರೋಪಿನವರು ಜಗತ್ತಿಗೆಲ್ಲ ತಯಾರಿಸುವ 'ಎಡ್ಗರ್' ಎಂಬ ಪಟ್ಟಿಯ ಚೌಕ 0.1 ಡಿಗ್ರಿಯದು, ಅಂದರೆ ಸುಮಾರು 11 ಕಿಲೋಮೀಟರ್ ಉದ್ದಗಲ. ಅಂಥ ಒಂದೇ ಚೌಕದೊಳಗೆ ಸಿಂಗಸಂದ್ರ, ಬೇಗೂರು, ಎಲೆಕ್ಟ್ರಾನಿಕ್ ಸಿಟಿಗಳು ಬಂದು ಕೂತರೂ ಜಾಗ ಮಿಗುತ್ತದೆ. ಬೇಗೂರು ಕೆರೆಯ ದಂಡೆಗೂ ಹೊಸೂರು ರಸ್ತೆಯ ನಡುಮಧ್ಯಕ್ಕೂ ಒಂದೇ ಬಣ್ಣ! ಬ್ರಿಟನ್ ಮತ್ತು ಡೆನ್ಮಾರ್ಕ್ ದೇಶಗಳು ತಮ್ಮ ಇಡೀ ನಾಡನ್ನು 1 ಕಿಲೋಮೀಟರಿನ ಚೌಕಗಳಾಗಿ ಸೀಳಿ ಲೆಕ್ಕ ಬರೆದಿವೆ. ನಮ್ಮ ದೇಶದ ವಿಸ್ತೀರ್ಣ 32.87 ಲಕ್ಷ ಚದರ ಕಿಲೋಮೀಟರ್. ಹಾಗೆಯೇ ಸೀಳಿದರೆ ಸುಮಾರು 33 ಲಕ್ಷ ಚೌಕಗಳಾಗುತ್ತವೆ. ಪ್ರತಿಯೊಂದರೊಳಗೂ ಏನು ಉರಿಯುತ್ತಿದೆ ಎಂದು ಯಾರಾದರೂ ಹೇಳಬೇಕಲ್ಲವೇ? 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ದಸ್ತಾವೇಜು ಇಂಥ ರಾಷ್ಟ್ರಮಟ್ಟದ ಪಟ್ಟಿಯನ್ನೂ ತನ್ನ ಕೆಲಸಗಳಲ್ಲಿ ಸೇರಿಸಿತ್ತು. ಆ ಕಾರ್ಯಕ್ರಮದಲ್ಲಿ ನಮ್ಮ ರಾಜ್ಯದ ನಾಲ್ಕು ಊರುಗಳಿವೆ: ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ.

ಬೆಂಗಳೂರಿಗೆ ಇದು ಹೊಸದೇನೂ ಅಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆರು ನಗರಗಳಲ್ಲಿ ಮಾಡಿಸಿದ ಅಧ್ಯಯನದಲ್ಲಿ ನಮ್ಮ ನಗರದ ಪಾಲು ಟೆರಿ ಸಂಸ್ಥೆಗೆ ಬಂತು. 2010ರಲ್ಲಿ ವರದಿ ಹೊರಬಂತು. ನಗರವನ್ನು 2 ಕಿಲೋಮೀಟರಿನ ಚೌಕಗಳಾಗಿ ಮಾಡಿ, ಏಳು ಕಡೆ ಗಾಳಿಯನ್ನು ಹಿಡಿದು ಪರೀಕ್ಷಿಸಿದ್ದರು. ಪೀಣ್ಯ ಕೈಗಾರಿಕೆಗಾಗಿ, ದೊಮ್ಮಲೂರು ಮನೆಗಳಿಗಾಗಿ, ಹಾಗೆಯೇ ನಮ್ಮ ಹೊಸೂರು ರಸ್ತೆಯ ತಲೆಯಲ್ಲೇ ಇರುವ ಸೆಂಟ್ರಲ್ ಸಿಲ್ಕ್ ಬೋರ್ಡ್ ರಸ್ತೆಯಂಚಿನ ಗಾಳಿಗಾಗಿ. 10 ಮೈಕ್ರಾನಿಗಿಂತ ಸಣ್ಣ ಧೂಳು ನಗರದಿಂದ ದಿನಕ್ಕೆ 54.4 ಟನ್ ಏಳುತ್ತದೆಂದು ಲೆಕ್ಕ ಬಂತು. ಅದರಲ್ಲಿ ವಾಹನಗಳ ಹೊಗೆ ಶೇಕಡ 42, ರಸ್ತೆಯ ಧೂಳು 20, ಕಟ್ಟಡ ಕೆಲಸ 14, ಕಾರ್ಖಾನೆ 14, ಡೀಸೆಲ್ ಜನರೇಟರ್ 7, ಮನೆಯ ಒಲೆ 3. ಕಾರ್ಖಾನೆಯ ಚಿಮಣಿಯೇ ದೊಡ್ಡ ಅಪರಾಧಿ ಎಂದು ಪಾಠದಲ್ಲಿ ಓದಿ ಬೆಳೆದವಳಿಗೆ ಈ ಪಟ್ಟಿ ಆಶ್ಚರ್ಯ ತಂದಿತು. ಸಾರಜನಕದ ಆಕ್ಸೈಡುಗಳಲ್ಲಂತೂ ವಾಹನ ಬಿಟ್ಟರೆ ಎರಡನೆಯ ಸ್ಥಾನ ಜನರೇಟರಿಗೆ, ಶೇಕಡ 23. ಕರೆಂಟ್ ಹೋದೊಡನೆ ಗುಡುಗುಡು ಎನ್ನುವ ಪೆಟ್ಟಿಗೆಗಳು ನಮ್ಮ ಸುತ್ತಮುತ್ತ ಎಷ್ಟಿವೆಯೆಂದು ಬಲ್ಲವರಿಗೆ ಇದು ನಂಬಲಾಗದ ಮಾತಲ್ಲ.

ರಸ್ತೆಯ ಧೂಳಿನ ಲೆಕ್ಕ ಹಾಕುವ ಕ್ರಮವೂ ಸ್ವಾರಸ್ಯವಾಗಿದೆ. ರಸ್ತೆಯ ಮೇಲೆ ಅಳತೆಯ ಒಂದು ಚೌಕ ಗುರುತಿಸಿ, ಬ್ರಷ್ಷಿನಿಂದ ಗುಡಿಸಿ, ಆ ಮಣ್ಣನ್ನು ಜರಡಿ ಹಿಡಿದು, 75 ಮೈಕ್ರಾನಿಗಿಂತ ನುಣುಪಾದದ್ದನ್ನು ತೂಗುತ್ತಾರೆ. ಅದಕ್ಕೆ ಮೇಲೆ ಓಡುವ ವಾಹನಗಳ ಸಂಖ್ಯೆ ಮತ್ತು ಸರಾಸರಿ ಭಾರ ಸೇರಿಸಿ ಸೂತ್ರ ಹಾಕುತ್ತಾರೆ. ಲಾರಿ ಭಾರವಾದಷ್ಟೂ ಧೂಳು ಹೆಚ್ಚು. ಪೊರಕೆ, ಜರಡಿ, ತಕ್ಕಡಿ. ಕೊನೆಗೆ ವಿಜ್ಞಾನವೂ ನಮ್ಮ ಅಡುಗೆಮನೆಯ ಸಾಮಾನುಗಳಿಗೇ ಬಂದು ನಿಲ್ಲುತ್ತದೆ.

ಅಲ್ಲಿಂದ ಮುಂದೆ ಕೆಲಸ ಇನ್ನಷ್ಟು ಸೂಕ್ಷ್ಮವಾಯಿತು. 2019ರಲ್ಲಿ ಶರತ್ ಗುಟ್ಟಿಕುಂಡ ಮತ್ತು ಸಂಗಡಿಗರು ಬೃಹತ್ ಬೆಂಗಳೂರು ಪ್ರದೇಶದ ಲೆಕ್ಕ ಪ್ರಕಟಿಸಿದರು. ಅವರ 'ಅರ್ಬನ್ ಎಮಿಷನ್ಸ್' ತಂಡದ ನಕ್ಷೆಗಳ ಚೌಕ ಸುಮಾರು 1 ಕಿಲೋಮೀಟರಿನದು. ದೆಹಲಿಗಾಗಿ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ 'ಸಫರ್' ಯೋಜನೆಯವರು 2018ರಲ್ಲಿ 400 ಮೀಟರಿನ ಚೌಕಕ್ಕೇ ಇಳಿದರು. ಅದಕ್ಕಾಗಿ ವಿದ್ಯಾರ್ಥಿಗಳ ತಂಡಗಳು ಬೀದಿ ಬೀದಿ ಸುತ್ತಿ ಮಾಹಿತಿ ತಂದವು. ನನಗೆ ಹಿಡಿಸಿದ್ದು ಈ ಕೊನೆಯ ಸಂಗತಿ.

ಏಕೆಂದರೆ ಚೌಕವನ್ನು ಕಂಪ್ಯೂಟರಿನಲ್ಲಿ ಎಷ್ಟು ಬೇಕಾದರೂ ಚಿಕ್ಕದು ಮಾಡಬಹುದು. ಒಳಗೆ ತುಂಬುವ ಅಂಕಿ ಹಳೆಯದಾದರೆ ಗೆರೆ ಮಾತ್ರ ಸಣ್ಣದಾಗುತ್ತದೆ, ಜ್ಞಾನ ಹೆಚ್ಚುವುದಿಲ್ಲ. ಎಣಿಸಲಾಗದ ಕಡೆ ಮೊತ್ತವನ್ನು ಜನಸಂಖ್ಯೆಯ ಪ್ರಕಾರ, ರಸ್ತೆಯ ಉದ್ದದ ಪ್ರಕಾರ ಹಂಚುವುದು ರೂಢಿ. ನಮ್ಮಲ್ಲಿ ಪೂರ್ಣಗೊಂಡ ಕಳೆದ ಜನಗಣತಿ 2011ರದು, 2021ರಲ್ಲಿ ಆಗಬೇಕಿದ್ದದ್ದು ಆ ವರ್ಷ ಆಗಲಿಲ್ಲ. 2011ರ ಸಿಂಗಸಂದ್ರವನ್ನು ನೆನಪಿಸಿಕೊಳ್ಳಿ. ಬಯಲಾಗಿದ್ದ ಎಷ್ಟೋ ಕಡೆ ಇಂದು ಅಪಾರ್ಟ್‌ಮೆಂಟ್, ಪಿ.ಜಿ.ಗಳಿವೆ. ನಗರದ ವಾಹನಗಳ ನೋಂದಣಿ ಒಂದು ಕೋಟಿ ದಾಟಿದೆ. ಆ ಹಳೆಯ ಗಣತಿಯಿಂದ ಹಂಚಿದ ನಕ್ಷೆಯಲ್ಲಿ ನಮ್ಮ ಚೌಕ ಬಿಳಿಚಿಕೊಂಡು ಕಂಡರೆ ಅದು ನಮ್ಮ ಗಾಳಿಯ ಗುಣವಲ್ಲ, ಲೆಕ್ಕದ ಗುಣ.

ಹಾಗಾಗಿ ಎಂಟನೆಯ ತರಗತಿಯ ಮಕ್ಕಳನ್ನು ಕೂರಿಸಿಕೊಂಡು ಶಾಲೆಯ ಸುತ್ತಲಿನ 1 ಕಿಲೋಮೀಟರಿನ ಚೌಕವನ್ನು ಚಾರ್ಟಿನ ಮೇಲೆ ಬರೆಸಿದೆ. ಅದನ್ನು 100 ಮೀಟರಿನ ನೂರು ಮನೆಗಳಾಗಿ ಮಾಡಿ, ಬೆಂಕಿ, ಹೊಗೆ, ಧೂಳು ಎಲ್ಲೆಲ್ಲಿದೆಯೋ ನೋಡಿಕೊಂಡು ಬಂದು ಗುರುತು ಹಾಕಿ ಎಂದೆ. ರಸ್ತೆ, ಬಸ್ ನಿಲ್ದಾಣಗಳನ್ನು ನಾನೂ ಹಾಕುತ್ತಿದ್ದೆ. ಆದರೆ ಮಕ್ಕಳು ತಂದದ್ದೇ ಬೇರೆ. ಹೋಟೆಲಿನ ಹಿಂಬದಿಯ ತಂದೂರಿ ಒಲೆ, ಬೆಳಗಿನ ಜಾವ ಎಲೆ ಮತ್ತು ಪ್ಲಾಸ್ಟಿಕ್ ಒಟ್ಟಿಗೆ ಸುಡುವ ಖಾಲಿ ಸೈಟು, ಯಾವ ಅಪಾರ್ಟ್‌ಮೆಂಟಿನ ಜನರೇಟರ್ ಯಾರ ಕಿಟಕಿಗೆ ಹೊಗೆ ಬಿಡುತ್ತದೆ ಎಂಬುದು, ಕಲ್ಲು ಕೊಯ್ಯುವ ಅಂಗಡಿ. ಉಪಗ್ರಹಕ್ಕೂ ಕಾಣದ, ಯಾವ ಕಚೇರಿಯ ಕಡತದಲ್ಲೂ ಇರದ ಸಂಗತಿಗಳಿವು. ನೀರು ಕಾಯಿಸಲು ಸೌದೆ ಉರಿಸುವ ತನ್ನ ಮನೆಯನ್ನೇ ಗುರುತು ಹಾಕಿಕೊಂಡು ಬಂದ ಒಬ್ಬ ಹುಡುಗಿ, "ಇದನ್ನೂ ಹಾಕಬೇಕಾ ಟೀಚರ್?" ಎಂದು ಮೆಲ್ಲಗೆ ಕೇಳಿದಳು. ಹಾಕು ಎಂದೆ, ಆದರೆ ಹೆಸರು ಬರೆಸಲಿಲ್ಲ.

ಇನ್ನೊಬ್ಬ ಹುಡುಗ ಕೇಳಿದ: "ಮೇಲೆ ಫ್ಲೈಓವರಿನಲ್ಲಿ ಹೋಗೋ ಗಾಡಿ ಹೊಗೆ ನಮ್ಮ ಚೌಕಕ್ಕೆ ಸೇರುತ್ತಾ ಟೀಚರ್?" 2010ರಲ್ಲಿ ತೆರೆದ ಸುಮಾರು 10 ಕಿಲೋಮೀಟರಿನ ಆ ಮೇಲ್ಸೇತುವೆಯ ವಾಹನಗಳು ಇಲ್ಲಿ ನಿಲ್ಲದೆ ಹೋಗುತ್ತವೆ, ನಿಜ. ಆದರೆ ಹೊಗೆ ಬಿದ್ದ ಕಡೆಯೇ ಅದರ ಲೆಕ್ಕ. ಸೇರಿಸಿದೆವು. 2025ರ ಆಗಸ್ಟಿನಲ್ಲಿ ಓಡತೊಡಗಿದ ಹಳದಿ ಮಾರ್ಗದ ಮೆಟ್ರೋ ಮಾತ್ರ ನಮ್ಮ ಚಾರ್ಟಿನಲ್ಲಿ ಹೊಗೆಯ ಗುರುತಿಲ್ಲದೆ ಹಾದುಹೋಗುತ್ತದೆ. ಅದರ ಕಾಮಗಾರಿಯ ವರ್ಷಗಳಲ್ಲಿ ನುಂಗಿದ ಧೂಳನ್ನು ಯಾವ ಕಾಲಂನಲ್ಲಿ ಬರೆಯುವುದೋ ತಿಳಿಯದು.

ಈಗ ಎರಡು ಜಾಗಗಳ ಮಾತಿಗೆ ಬರುತ್ತೇನೆ. 1 ಕಿಲೋಮೀಟರಿನ ನಕ್ಷೆಯಲ್ಲಿ ಇವೆರಡೂ ಒಂದೇ ಚೌಕದೊಳಗಿವೆ, ಒಂದೇ ಬಣ್ಣದವು. ಆದರೆ ದೊಡ್ಡ ರಸ್ತೆಯ ಹೊಗೆ ಎಲ್ಲ ಕಡೆ ಸಮನಾಗಿ ಹರಡುವುದಿಲ್ಲ. ರಸ್ತೆಯಂಚಿನಲ್ಲಿ ದಟ್ಟವಾಗಿದ್ದು, ಮೊದಲ ನೂರು ಇನ್ನೂರು ಮೀಟರಿನಲ್ಲೇ ಬೇಗಬೇಗ ಇಳಿಯುತ್ತದೆ. ಅಮೆರಿಕದ ಹೆಲ್ತ್ ಎಫೆಕ್ಟ್ಸ್ ಇನ್‌ಸ್ಟಿಟ್ಯೂಟ್ 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ಹೆದ್ದಾರಿಯ ಪ್ರಭಾವ 300ರಿಂದ 500 ಮೀಟರಿನವರೆಗೆ ಹೆಚ್ಚೆಂದು ಹೇಳಿತು. ಮಕ್ಕಳ ಅಸ್ತಮಾ ಉಲ್ಬಣಿಸುವುದಕ್ಕೂ ವಾಹನದ ಹೊಗೆಗೂ ಸಂಬಂಧವಿದೆಯೆಂದು ನಿರ್ಣಯಿಸಿತು. ಅದಕ್ಕೂ ಮೊದಲೇ, 2003ರಲ್ಲಿ, ಕ್ಯಾಲಿಫೋರ್ನಿಯಾ ರಾಜ್ಯವು ಹೆದ್ದಾರಿಯಿಂದ 500 ಅಡಿಯೊಳಗೆ ಹೊಸ ಸರ್ಕಾರಿ ಶಾಲೆಗೆ ಜಾಗ ಕೊಳ್ಳಲು ಕಾನೂನಿನ ತಡೆ ಹಾಕಿತು. ಕೆಲವು ವಿನಾಯಿತಿಗಳೂ ಅದರಲ್ಲಿವೆ. 500 ಅಡಿ ಎಂದರೆ ಸುಮಾರು 150 ಮೀಟರ್, ನಮ್ಮ ಚಾರ್ಟಿನಲ್ಲಿ ಒಂದೂವರೆ ಮನೆ. ಸರ್ವಿಸ್ ರಸ್ತೆಯ ಜಾಗ ಮೊದಲ ಮನೆಯೊಳಗೇ ಬರುತ್ತದೆ.

ಒಂದು ಆಕ್ಷೇಪಣೆಯನ್ನು ನಾನೇ ಹೇಳಿಬಿಡುತ್ತೇನೆ. ಹೊಗೆ ಹುಟ್ಟುವ ನಕ್ಷೆಯೇ ಬೇರೆ, ನಾವು ಉಸಿರಾಡುವ ಗಾಳಿಯ ನಕ್ಷೆಯೇ ಬೇರೆ. 2.5 ಮೈಕ್ರಾನಿನ ನುಣ್ಣನೆಯ ಕಣ ದಿನಗಟ್ಟಲೆ ತೇಲುತ್ತ ದೂರ ಹೋಗುತ್ತದೆ. ಅದಕ್ಕೆ ಅತ್ತಿಬೆಲೆಯ ಗಡಿ ಗೊತ್ತಿಲ್ಲ. ಒಳಗಿನ ಜಾಗಕ್ಕೆ ಹೋದೊಡನೆ ಗಾಳಿ ನಂದಿ ಬೆಟ್ಟದ್ದಾಗುವುದಿಲ್ಲ. ಅಲ್ಲಿಯೂ ಕಸ ಸುಡುವ ಸೈಟೊಂದು ಹತ್ತಿರದಲ್ಲೇ ಇದೆ, ಮಕ್ಕಳೇ ಗುರುತಿಸಿದ್ದಾರೆ. ಆದರೆ ಕಸ ಸುಡುವವರೊಂದಿಗೆ ಹೋಗಿ ಮಾತನಾಡಬಹುದು. ಹೊಸೂರು ರಸ್ತೆಯೊಂದಿಗೆ ಮಾತನಾಡಲಾಗದು.

ಹೆಣ್ಣುಮಕ್ಕಳ ತಂದೆತಾಯಿಯರ ಆತಂಕವನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ಕತ್ತಲ ಓಣಿಯ ಭಯ ಕಣ್ಣಿಗೆ ಕಾಣುವಂಥದು, ಹೊಗೆಯದು ಹತ್ತು ವರ್ಷದ ಮೇಲೆ ಕಾಣುವಂಥದು. ಓಣಿಯ ದೀಪಗಳಿಗಾಗಿ ಅರ್ಜಿ ಬರೆದಾಗಿದೆ, ಪೋಷಕರ ಸಹಿ ಸಂಗ್ರಹ ನಡೆಯುತ್ತಿದೆ. ಸಂಜೆ ಬಸ್ ನಿಲ್ದಾಣದವರೆಗೆ ಮಕ್ಕಳೊಂದಿಗೆ ಸರದಿಯಂತೆ ನಡೆದು ಬರಲು ನಾವು ಕೆಲವು ಶಿಕ್ಷಕಿಯರು ಒಪ್ಪಿಕೊಂಡಿದ್ದೇವೆ. ಕಟ್ಟಡ ಸಮಿತಿಯ ತೀರ್ಮಾನ ಇನ್ನೂ ಆಗಿಲ್ಲ.

ಮಕ್ಕಳ ಚಾರ್ಟು ಸಂಘದ ಕಚೇರಿಯ ಗೋಡೆಯ ಮೇಲಿದೆ. ನೂರು ಮನೆಗಳಲ್ಲಿ ಇನ್ನೂ ಎಷ್ಟೋ ಖಾಲಿ ಇವೆ, ಮುಖ್ಯವಾಗಿ ರೈಲು ಮಾರ್ಗದ ಕಡೆಯವು ಎನ್ನಬೇಡಿ, ಕೂಡ್ಲು ಕಡೆಯವೂ ಹೌದು ಎಂದು ಮಕ್ಕಳು ನನ್ನನ್ನು ತಿದ್ದುತ್ತಾರೆ. ನಿಮ್ಮ ಮನೆ ಆ ಚೌಕದೊಳಗೆ ಬರುವುದಾದರೆ ನಿಮ್ಮ ಕಟ್ಟಡದ ಜನರೇಟರಿಗೆ ತಿಂಗಳಿಗೆ ಎಷ್ಟು ಲೀಟರ್ ಡೀಸೆಲ್ ಹೋಗುತ್ತದೆ, ಹತ್ತಿರದಲ್ಲಿ ಕಸ ಎಲ್ಲಿ ಸುಡುತ್ತಾರೆ, ಎಷ್ಟು ಗಂಟೆಗೆ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮಗುವಿನ ಕೈಯಲ್ಲಿ ಕಳುಹಿಸಿಕೊಡಿ. ಹೆಸರು ಬರೆಯಬೇಕಾಗಿಲ್ಲ.