ಚಾಡಿ ಹೇಳುವ ಕಣ್ಣು

ಕನ್ನಡಿಯ ಮುಂದೆ ನಿಂತು ನಿಮ್ಮ ಕಣ್ಣನ್ನು ನೀವೇ ನೋಡಿಕೊಳ್ಳಿ. ನಡುವೆ ಕಪ್ಪಗೆ ಬೊಟ್ಟಿನಂಥದ್ದು ಕಾಣುತ್ತದಲ್ಲ, ಅದು ಪಾಪೆ. ನಿಜವಾಗಿ ಅದು ಬೊಟ್ಟಲ್ಲ, ತೂತು. ಬೆಳಕು ಒಳಗೆ ಹೋಗುವುದು ಅಲ್ಲಿಂದಲೇ. ಕಣ್ಣಿನ ಒಳಗೋಡೆಯ ಬಣ್ಣ ಕೆಂಪು ಬೆರೆತ ಕಿತ್ತಳೆ. ಹಾಗಿದ್ದರೂ ತೂತು ಕಪ್ಪಾಗಿ ಕಾಣುವುದೇಕೆ?

ಒಳಗೆ ಹೋದ ಬೆಳಕು ಬಂದ ದಾರಿಯಲ್ಲೇ ದೀಪದ ಕಡೆಗೆ ಹಿಂದಿರುಗುತ್ತದೆ. ಅದನ್ನು ಹಿಡಿಯಬೇಕಾದರೆ ನಮ್ಮ ಕಣ್ಣು ದೀಪ ಇರುವ ಜಾಗದಲ್ಲೇ ಇರಬೇಕು. ಅಲ್ಲಿ ತಲೆ ತೂರಿಸಿದರೆ ದೀಪಕ್ಕೇ ಅಡ್ಡವಾಗುತ್ತದೆ! 1850ರಲ್ಲಿ ಹರ್ಮನ್ ಹೆಲ್ಮ್‌ಹೋಲ್ಟ್ಸ್ ಎಂಬ ಜರ್ಮನ್ ವಿಜ್ಞಾನಿ ಇದಕ್ಕೊಂದು ಉಪಾಯ ಹುಡುಕಿದರು. ತೆಳುವಾದ ಗಾಜುಗಳನ್ನು ಓರೆಯಾಗಿ ಹಿಡಿದರು. ಪಕ್ಕದಲ್ಲಿಟ್ಟ ದೀಪದ ಬೆಳಕು ಗಾಜಿಗೆ ಬಡಿದು ಎದುರಿನವರ ಕಣ್ಣೊಳಗೆ ಹೋಯಿತು. ಮರಳಿ ಬಂದ ಬೆಳಕಿನಲ್ಲಿ ಒಂದು ಪಾಲು ಗಾಜನ್ನು ದಾಟಿ ಹೆಲ್ಮ್‌ಹೋಲ್ಟ್ಸ್ ಕಣ್ಣಿಗೆ ಬಿತ್ತು. ಕಣ್ಣಿನ ಹಿಂಭಾಗದ ರಕ್ತನಾಳಗಳು ಎಳೆ ಎಳೆಯಾಗಿ ಕಂಡವು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಇವತ್ತಿಗೂ ಕಣ್ಣಿನ ಡಾಕ್ಟರು ಪುಟ್ಟ ಟಾರ್ಚಿನಂಥ ಉಪಕರಣ ಹಿಡಿದು ನಿಮ್ಮ ಮುಖದ ಹತ್ತಿರ ಬಗ್ಗುತ್ತಾರಲ್ಲ, ಅದು ಆ ಗಾಜಿನ ಮರಿಮಗ.

ಡಾಕ್ಟರು ಕಣ್ಣೊಳಗೆ ಮೊದಲು ಹುಡುಕುವುದು ಒಂದು ತಿಳಿಬಣ್ಣದ ಬಿಲ್ಲೆಯನ್ನು. ಕಣ್ಣಿನಿಂದ ಮಿದುಳಿಗೆ ಹೋಗುವ ದೃಷ್ಟಿನರ ಹೊರಡುವ ಜಾಗ ಅದು. ಈ ನರ ಕೈಕಾಲಿನ ನರಗಳಂಥದ್ದಲ್ಲ, ಮಿದುಳೇ ಕೈ ಚಾಚಿ ಕಣ್ಣನ್ನು ಮುಟ್ಟಿದೆ ಎನ್ನಬಹುದು. ಮಿದುಳನ್ನು ಸುತ್ತಿರುವ ಪೊರೆಗಳು ಈ ನರವನ್ನೂ ಸುತ್ತಿವೆ, ಮಿದುಳು ತೇಲುತ್ತಿರುವ ತಿಳಿನೀರು ಇದರ ಸುತ್ತಲೂ ಇದೆ. ಹಾಗಾಗಿ ತಲೆಯೊಳಗೆ ಒತ್ತಡ ಏರಿದರೆ ಈ ಬಿಲ್ಲೆ ಊದಿಕೊಳ್ಳುತ್ತದೆ. ಅಂಚು ಮಸುಕಾಗುತ್ತದೆ. ತಲೆಬುರುಡೆ ತೆರೆಯದೆ ಒಳಗಿನ ಸಮಾಚಾರ ಹೊರಗೆ ಬಂದಂತಾಯಿತು.

ಒತ್ತಡ ಏರುವುದು ಹಲವು ಕಾರಣಗಳಿಂದ. ಅವುಗಳಲ್ಲಿ ಒಂದು, ಮಿದುಳಿನಿಂದ ರಕ್ತವನ್ನು ಹೊರಗೆ ಒಯ್ಯುವ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು. ನೀವು ತೊಟ್ಟಿಮನೆ ನೋಡಿದ್ದೀರಾ? ಮಳೆನೀರು ಸೂರಿನಿಂದ ನಡುಮನೆಯ ತೊಟ್ಟಿಗೆ ಬೀಳುತ್ತದೆ, ತೂಬಿನಿಂದ ಹೊರಗೆ ಹೋಗುತ್ತದೆ. ತೂಬಿಗೆ ಎಲೆಕಸ ಸಿಕ್ಕಿಕೊಂಡರೆ ಮಳೆ ನಿಲ್ಲುವುದಿಲ್ಲ, ತೊಟ್ಟಿಯೇ ತುಂಬುತ್ತದೆ. ಮಿದುಳಿಗೂ ರಕ್ತ ಸದಾ ಬರುತ್ತಲೇ ಇರುತ್ತದೆ. ದೊಡ್ಡವರಲ್ಲಿ ನಿಮಿಷಕ್ಕೆ ಸುಮಾರು 700 ಮಿಲಿಲೀಟರ್! ಅಷ್ಟೂ ಅಭಿಧಮನಿಗಳ ಮೂಲಕ ಹೊರಗೆ ಹೋಗಬೇಕು. ಮಿದುಳಿನ ತಿಳಿನೀರೂ ಬಹುಪಾಲು ಅದೇ ದಾರಿ ಹಿಡಿಯುತ್ತದೆ. ದಾರಿಯಲ್ಲಿ ಹೆಪ್ಪು ಕೂತರೆ ರಕ್ತವೂ ನೀರೂ ಹಿಂದೆ ನಿಲ್ಲುತ್ತವೆ. ತಲೆಬುರುಡೆ ಹಿಗ್ಗುವಂಥದ್ದಲ್ಲ, ಹಾಗಾಗಿ ಒಳಗಿನ ಒತ್ತಡ ಏರುತ್ತದೆ.

ಈಗ ನಿಮ್ಮ ಕಿವಿಯ ಹಿಂದೆ ಬೆರಳಿಟ್ಟು ಒತ್ತಿ. ಗಟ್ಟಿಯಾದ ಮೂಳೆಯ ಉಬ್ಬು ಸಿಗುತ್ತದೆ. ಅದರ ಒಳಮೈಗೆ ಅಂಟಿಕೊಂಡೇ ಮಿದುಳಿನ ದೊಡ್ಡ ರಕ್ತದ ಕಾಲುವೆಯೊಂದು ಸಾಗುತ್ತದೆ. ಕಿವಿಯ ಸೋಂಕು ಈ ಮೂಳೆಯನ್ನು ದಾಟಿದರೆ ಕಾಲುವೆಯಲ್ಲಿ ಹೆಪ್ಪುಗಟ್ಟಬಹುದು. ಲಂಡನ್ನಿನ ನರವೈದ್ಯ ಚಾರ್ಲ್ಸ್ ಸಿಮಂಡ್ಸ್ 1931ರಲ್ಲಿ ಇಂಥ ರೋಗಿಗಳ ಬಗ್ಗೆ ಬರೆದರು. ಮೊದಲು ಕಿವಿ ಸೋರುವುದು, ಆಮೇಲೆ ತಲೆನೋವು, ಒಂದು ಕಣ್ಣು ಮೂಗಿನ ಕಡೆಗೆ ವಾಲುವುದು. ಕಣ್ಣೊಳಗೆ ಇಣುಕಿದರೆ ಬಿಲ್ಲೆ ಊದಿದೆ. ಆಗ ಸ್ಕ್ಯಾನಿಂಗ್ ಇರಲಿಲ್ಲ, ಪೆನಿಸಿಲಿನ್ ಇನ್ನೂ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಕಿವಿಯ ಕಾಯಿಲೆಯ ಸುದ್ದಿಯನ್ನು ಕಣ್ಣು ಹೇಳುತ್ತಿತ್ತು!

ಕಣ್ಣು ವಾಲುವುದೇಕೆ ಎಂಬುದು ಇನ್ನೂ ಸೊಗಸಾದ ಕಥೆ. ಪ್ರತಿ ಕಣ್ಣನ್ನು ತಿರುಗಿಸಲು ಆರು ಸ್ನಾಯುಗಳಿವೆ. ಕಿವಿಯ ಕಡೆಗೆ ಎಳೆಯುವ ಸ್ನಾಯುವಿಗೆ ಅಪ್ಪಣೆ ತರುವುದು, ಮಿದುಳಿನಿಂದ ನೇರವಾಗಿ ಹೊರಡುವ ಕಪಾಲ ನರಗಳಲ್ಲಿ ಆರನೆಯದು. ಅದಕ್ಕೆ ಅದೊಂದೇ ಕೆಲಸ. ತಲೆಬುರುಡೆಯ ತಳದಿಂದ ಮೇಲೇರಿ, ಮೂಳೆಯ ಅಂಚಿನ ಮೇಲೆ ಬಾಗಿ ಹೋಗುವ ತೆಳ್ಳಗಿನ ನರ ಇದು. ಒತ್ತಡ ಏರಿದಾಗ ಎಳೆತಕ್ಕೆ ಸಿಕ್ಕಿ ಸೋಲುತ್ತದೆ. ಸ್ನಾಯುವಿಗೆ ಅಪ್ಪಣೆ ಮುಟ್ಟುವುದಿಲ್ಲ, ಕಣ್ಣು ಒಳಕ್ಕೆ ಸರಿಯುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ದೂರದ್ದು ಇನ್ನಷ್ಟು ಇಬ್ಭಾಗವಾಗುತ್ತದೆ. ಒಂದು ಕಣ್ಣು ಮುಚ್ಚಿದರೆ ಸರಿ. ಅದಕ್ಕೇ ಕೆಲವು ಮಕ್ಕಳು ಸುಮ್ಮನೆ ಒಂದು ಕಣ್ಣು ಮುಚ್ಚಿಕೊಂಡು ಟೀವಿ ನೋಡಲು ಶುರುಮಾಡುತ್ತಾರೆ.

ಈ ನರದ ಚಾಡಿಯನ್ನು ಪೂರ್ತಿ ನಂಬುವಂತಿಲ್ಲ. ತೊಂದರೆ ಇದೆ ಎನ್ನುತ್ತದೆ, ಎಲ್ಲಿದೆ ಎಂದು ಹೇಳುವುದಿಲ್ಲ. ಹೆಪ್ಪು ನೆತ್ತಿಯ ಕೆಳಗಿನ ಕಾಲುವೆಯಲ್ಲಿದ್ದರೂ ಸೋಲುವುದು ಇದೇ. ವೈದ್ಯರ ದಾರಿ ತಪ್ಪಿಸುವ ಇಂಥ ಗುರುತುಗಳ ಬಗ್ಗೆ ಜೇಮ್ಸ್ ಕೋಲಿಯರ್ ಎಂಬವರು 1904ರಲ್ಲೇ ಎಚ್ಚರಿಸಿದ್ದರು.

ಇನ್ನೊಂದು ವಿಚಿತ್ರ. ಬಿಲ್ಲೆ ಊದಿದ ಹೊಸತರಲ್ಲಿ ದೃಷ್ಟಿ ಚೆನ್ನಾಗಿಯೇ ಇರುತ್ತದೆ. ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೆ ಓದಬಹುದು. ಬಗ್ಗಿ ಎದ್ದಾಗ ಮಾತ್ರ ಕೆಲವು ಸೆಕೆಂಡು ಕಣ್ಣಿಗೆ ಕತ್ತಲು ಕವಿಯುತ್ತದೆ. ಹಾಗೆಂದು ಬೆಳಗ್ಗೆ ತಿಂಡಿ ತಿನ್ನದೆ ಪ್ರಾರ್ಥನೆಗೆ ನಿಂತು ಕತ್ತಲು ಬಂದವರೆಲ್ಲ ಹೆದರಬೇಡಿ. ಮಿದುಳಿನ ಅಭಿಧಮನಿಗಳಲ್ಲಿ ಹೆಪ್ಪುಗಟ್ಟುವ ಈ ಕಾಯಿಲೆ ಬಹಳ ಅಪರೂಪ. ಕೆನಡಾದಲ್ಲಿ ಲೆಕ್ಕ ಹಾಕಿದಾಗ ಒಂದು ಲಕ್ಷ ಮಕ್ಕಳಲ್ಲಿ ವರ್ಷಕ್ಕೆ ಒಬ್ಬರಿಗಿಂತ ಕಡಿಮೆ ಎಂದು ಕಂಡುಬಂತು.

ಹೆಪ್ಪು ಕಣ್ಣಿನ ಹಿಂದೆಯೇ ಇರುವ ರಕ್ತದ ಕೋಣೆಯಲ್ಲಿ ಕೂತರೆ ಗುರುತುಗಳೇ ಬೇರೆ. ರೆಪ್ಪೆ ಊದಿ, ಕಣ್ಣು ಕೆಂಪಾಗಿ ಮುಂದಕ್ಕೆ ಉಬ್ಬುತ್ತದೆ, ಅಲುಗಾಡುವುದನ್ನೇ ನಿಲ್ಲಿಸುತ್ತದೆ. ಎರಡೂ ಬದಿಯ ಕೋಣೆಗಳು ಒಳಗೇ ಕೂಡಿಕೊಂಡಿರುವುದರಿಂದ ಕೆಲವೊಮ್ಮೆ ಒಂದೆರಡು ದಿನದಲ್ಲಿ ಇನ್ನೊಂದು ಕಣ್ಣಿಗೂ ಹಬ್ಬುತ್ತದೆ. ಮೂಗು ಮತ್ತು ಮೇಲ್ದುಟಿಯ ಸುತ್ತಲಿನ ರಕ್ತನಾಳಗಳಿಗೆ ಈ ಕೋಣೆಯ ಸಂಪರ್ಕವಿದೆ. ಮೂಗಿನ ಮೇಲಿನ ಕುರುವನ್ನು ಹಿಸುಕಬೇಡ ಎಂದು ಅಜ್ಜಿ ಗದರಿದರೆ, ಅಜ್ಜಿ ಹೇಳಿದ್ದೇ ಸರಿ.

ಎಲ್ಲ ವಿಷಯದಲ್ಲೂ ಹಿರಿಯರು ಸರಿ ಎನ್ನಲಾರೆ. ನಮ್ಮಲ್ಲಿ ಕೆಲವು ಮನೆಗಳಲ್ಲಿ ಬಾಣಂತಿಗೆ ನೀರು ಕಡಿಮೆ ಕೊಡುತ್ತಾರೆ. ಹೆರಿಗೆಯ ನಂತರ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆದಿರುತ್ತದೆ, ಮೈಯಲ್ಲಿ ನೀರೂ ಕಡಿಮೆಯಾದರೆ ಅಪಾಯ ಹೆಚ್ಚು. ಬಾಣಂತಿಯರಿಗೆ ಬರುವ ಈ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಬಹಳ ವರ್ಷ ಅಭ್ಯಾಸ ಮಾಡಿದ್ದಾರೆ. ಹೆಪಾರಿನ್ ಎಂಬ ಔಷಧಿ ಹೆಪ್ಪು ಬೆಳೆಯದಂತೆ ತಡೆಯುತ್ತದೆ. ಬೇಗ ಗೊತ್ತಾದರೆ ಬಹುತೇಕ ಜನ ಗುಣವಾಗುತ್ತಾರೆ.

ಆದ್ದರಿಂದ ಮಕ್ಕಳೇ, ಕಿವಿ ಸೋರುತ್ತಿದ್ದರೆ ಹತ್ತಿ ತುರುಕಿ ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. ತಲೆನೋವಿನ ಜೊತೆಗೆ ಒಂದು ವಸ್ತು ಎರಡಾಗಿ ಕಂಡರೆ, ಸ್ಕೂಲಿಗೆ ರಜೆ ಹಾಕುವ ನೆಪ ಎಂದುಕೊಂಡಾರು ಎಂಬ ಅಂಜಿಕೆ ಬಿಟ್ಟು, ಅಪ್ಪ ಅಮ್ಮನಿಗೆ ಅವತ್ತೇ ಹೇಳಿ.